ಹುಣಚಿಗಡ್ಡಿಯಲ್ಲಿ ನಾಲ್ಕು ರಾತ್ರಿ

ಎಂಟು ಮಂಚ. ಕಬ್ಬಿಣದವು, ಮೇಲೊಂದು ಕೆಳಗೊಂದು.
ಎಂಟೂ ಖಾಲಿ.
ಆದರೂ ಲಾಡ್ಲೇಸಾಬ ಕಿವಿಯಿಂದ ಪೆನ್ನು ತೆಗೆದು ಕೇಳಿದ,
‘ಯಾವ ನಂಬರ್ ಬೇಕ್ರಿ?’
ಏಳು, ಅಂದೆ. ಯಾಕೋ.
ರಿಜಿಸ್ಟರಿನಲ್ಲಿ ನನಗಿಂತ ಮೇಲಿನ ಸಾಲು
ಸಂಕ್ರಾಂತಿಯ ಮರುದಿನದ್ದು:
ವಿಜಯಪುರದ ಹನ್ನೊಂದು ಮಂದಿ, ಒಂದೇ ಸಹಿ.
ಅವರಿಗೂ ನನಗೂ ನಡುವೆ
ಒಣಗಿ ಅಂಟಿದ ಒಂದು ನೊಣ.

‘ಈ ಬಿಸಲಾಗ ಯಾರ್ ಬರ್ತಾರ್ರಿ’ ಅಂತ
ಹರಗೋಲಿನಲ್ಲೇ ಎರಡು ಸಲ ಅಂದಿದ್ದ.
ಕೃಷ್ಣೆ ಇಳಿದಿದ್ದಳು, ಬಂಡೆಗಳ ಮೊಣಕಾಲಿನವರೆಗೆ.
‘ಎರಡನೇ ಬಂಡಿ ದಾಟಿ ಜಳಕಕ್ಕ ಇಳಿಬ್ಯಾಡ್ರಿ.
ಮೊಸಳಿ ಅದ. ಅದು ಸೀಜನ್ ನೋಡಂಗಿಲ್ಲ.’

ನಾನು ಬೀದರಿನ ಲ್ಯಾಬೊಂದರಲ್ಲಿ
ರಕ್ತದ ಶೀಸೆಗೆ ಚೀಟಿ ಅಂಟಿಸುವವಳು.
ಹೆಸರು, ವಯಸ್ಸು, ಹೆಣ್ಣೋ ಗಂಡೋ.
ದಿನಕ್ಕೆ ಇನ್ನೂರು. ಹನ್ನೊಂದು ವರ್ಷ.
ತಂಗಿಯ ಮಗನ ಎನ್‌ಸಿಸಿ ಚೀಲ ಬೆನ್ನಿಗೇರಿಸಿ
ಬಸ್ಸಿಂದ ಬಸ್ಸಿಗೆ ಹತ್ತುತ್ತ ಹೊರಟದ್ದು
ಒಂದು ಹೆಸರನ್ನೂ ಓದಬೇಕಿಲ್ಲದ ಜಾಗಕ್ಕೆ.

ಸಿಕ್ಕಿತು.
ಬೆಳಿಗ್ಗೆ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ.
ಮಧ್ಯಾಹ್ನ ಹುಣಚಿಮರದ ನೆರಳಿನ ಹಿಂದೆ
ಚಾಪೆ ಎಳೆದುಕೊಂಡು ಸರಿಯುವುದು.
ರಾತ್ರಿಗೊಂದು ಹೊಸ ಮಂಚ: ಏಳು, ಆಮೇಲೆ ಎರಡು, ಆಮೇಲೆ ಆರು,
ಸಾಹುಕಾರ್ತಿಯ ಹಾಗೆ.
ಆರರ ಹಲಗೆಗೆ ಯಾರೋ ಮೊಳೆಯಿಂದ ಕೆತ್ತಿದ್ದರು:
ಪರಶ್ಯಾ ಗೊರಕಿ ಹೊಡಿತಾನ.
ನಕ್ಕೆ, ಒಬ್ಬಳೇ, ಜೋರಾಗಿ.
ನಕ್ಕದ್ದು ನೀರ ಮೇಲೆ ಹೋಗಿ
ತಿರುಗಿ ಬರಲಿಲ್ಲ.

ನಡುರಾತ್ರಿಯವರೆಗೆ ಮಂಚ ಹಂಚಿನಂತೆ ಕಾದಿರುತ್ತಿತ್ತು.
ಮಾಳಿಗೆ ಹತ್ತಿದರೆ ಆಚೆ ದಂಡೆಯಲ್ಲಿ ಒಂದೇ ದೀಪ.
‘ಕೆಳಗಿಳಿದು ಕೂತ ಚಿಕ್ಕಿ’ ಎಂದು
ನೋಟುಬುಕ್ಕಿನಲ್ಲಿ ಬರೆದೆ. ನಾಚಿಕೆಯಿಲ್ಲದೆ.
ಹತ್ತಕ್ಕೆ ಆರುತ್ತಿತ್ತು ಅದು.
ಮೂರನೇ ರಾತ್ರಿ ಆರಲಿಲ್ಲ.

ನಾಲ್ಕನೇ ಸಂಜೆ ಕೇಳಿದೆ, ಅದೇನ್ರಿ ದೀಪ?
‘ನಮ್ಮನಿ ರೀ.’
ರಾತ್ರಿಯೆಲ್ಲ ಉರೀತಿತ್ತಲ್ಲ?
‘ಮೊಮ್ಮಗಳಿಗಿ ಉರಿ ಬಂದಾವ.’
ಮತ್ತ ನೀವಿಲ್ಲಿ?
ಅವನು ಗೋಡೆಯ ಫಲಕ ನೋಡಿದ, ನಾನೂ ನೋಡಿದೆ.
ಒಂಬತ್ತನೆಯ ನಿಯಮ:
ಅತಿಥಿ ಇರುವಾಗ ಕಾವಲುಗಾರ ಗಡ್ಡಿ ಬಿಡತಕ್ಕದ್ದಲ್ಲ.
‘ಸೀಜನ್ ಇಲ್ಲದಾಗ ಮನ್ಯಾಗ ಮಲಗ್ತೀನ್ರಿ’ ಅಂದ.
ದೂರಲಿಲ್ಲ. ಹವಾಮಾನ ಹೇಳುವವನಂತೆ ಹೇಳಿದ.

ಐದು ರಾತ್ರಿಗೆ ರಸೀದಿ ಹರಿಸಿದ್ದೆ ನಾನು.
ಈಗಲೇ ಹೋಗೋಣ ನಡೀರಿ ಅಂದೆ.
‘ಕತ್ತಲಾಗ ಬಂಡಿ ಕಾಣಂಗಿಲ್ಲ.’

ಮಾಳಿಗೆಯಲ್ಲಷ್ಟೇ ಸಿಗ್ನಲ್ಲು.
ಅವನ ಫೋನಿಗೆ ಹುಣಸಗಿಯಿಂದ ಬಂದ ರಿಪೋರ್ಟಿನ ಫೋಟೋ,
ಒಂದು ಮೂಲೆಯಲ್ಲಿ ಯಾರದೋ ಹೆಬ್ಬೆರಳು.
ಅವನು ಕೇಳಲಿಲ್ಲ, ನಾನೇ ಕೈ ಚಾಚಿದೆ.
ಮಾಸುಮಾ. ಆರು. ಹೆಣ್ಣು.
ಪ್ಲೇಟ್‌ಲೆಟ್ ಎಂಬತ್ತೆಂಟು ಸಾವಿರ.
ಹೆದರುವಷ್ಟಲ್ಲ ಅಂದೆ.
ನಿದ್ದೆ ಮಾಡುವಷ್ಟೂ ಅಲ್ಲ, ಅದನ್ನು ಹೇಳಲಿಲ್ಲ.
ಅವಳಿಗೆ ನೀರು ಕುಡಿಸ್ತಾ ಇರಲಿಕ್ಕೆ ಹೇಳ್ರಿ.
ಅವನು ಫೋನಿನಲ್ಲಿ ಹೇಳಿದ, ಮೂರು ಸಲ.
ಅದೇ ಗಡ್ಡಿ, ಅದೇ ನೀರು.
ಸುಮ್ಮನಿರುವುದು ಮಾತ್ರ ಮೊದಲಿನ ಹಾಗೆ ಬರಲಿಲ್ಲ ನಮಗೆ.
ನಡುನಡುವೆ ಒಬ್ಬರು ಕೆಮ್ಮುತ್ತಿದ್ದೆವು.

ಮಬ್ಬಿನಲ್ಲೇ ಹೊರಟೆವು.
ಉಳಿದ ಒಂದು ರಾತ್ರಿಯ ದುಡ್ಡು ಎಣಿಸಿ ಕೊಡಲು
ಹುಟ್ಟು ಬಿಟ್ಟು ಜೇಬಿಗೆ ಕೈ ಹಾಕಿದ,
ಹರಗೋಲು ಒಂದು ಸುತ್ತು ತಿರುಗಿತು.
ಆಮೇಲ ಕೊಡ್ರಿ, ಆಮೇಲ.

ದಂಡೆ ಮುಟ್ಟುವ ಮುಂಚೆಯೇ ಜಿಗಿದು
ಉಸುಕಿನಲ್ಲಿ ಓಡಿದ ಅರವತ್ತು ದಾಟಿದ ಲಾಡ್ಲೇಸಾಬ,
ಕೈಯಲ್ಲಿನ್ನೂ ಹುಟ್ಟು.
ಮೇಲೆ, ಬೆಳಕಾದ ಮೇಲೂ, ಬಾಗಿಲ ಮೇಲೆ
ಹಳದಿ ಬಲ್ಬೊಂದು ಉರಿಯುತ್ತಿತ್ತು.

ಹರಗೋಲು ಕಟ್ಟುವುದು ಮರೆತಿದ್ದ.
ಅವನ ಗಂಟು ನನಗೆ ಬಾರದು.
ಚೀಲ ಇಳಿಸಿ, ಹಗ್ಗ ಹಿಡಿದು
ಹಸಿ ಉಸುಕಿನಲ್ಲಿ ಕೂತೆ.
ಏಳೂವರೆಯ ಬಸ್ಸು
ಊರ ಆ ಬದಿಯಲ್ಲಿ ಹಾರ್ನು ಹೊಡೆಯುತ್ತಿತ್ತು.